ಉದ್ರಿ ಪುಸ್ತಕ

(ದಾವಣಗೆರೆಯ ಆನೆಕೊಂಡದ ಮಂಡಕ್ಕಿ ಅಂಗಡಿ. ಮಿರ್ಚಿಯ ಎಣ್ಣೆ ಹಳೇ ಪೇಪರಿನ ಬಜೆಟ್ ಸುದ್ದಿಗೆ ಇಳಿಯುತ್ತಿದೆ. ಸುದ್ದಿ ಹೀರಿಕೊಳ್ಳುತ್ತಿದೆ, ಅದರ ಸ್ವಭಾವ.)

ಬಸಣ್ಣ: 2007ರಾಗ ನಗರಸಭೆ ಹೋಗಿ ಮಹಾನಗರ ಪಾಲಿಕೆ ಆತಲ್ರಿ, ಲೆಕ್ಕ ನೋಡೋರ್ಯಾರು?

ಸಾಹುಕಾರ್: 1976ರ ಪಾಲಿಕೆ ಕಾಯ್ದೇಲೇ ಐತಲ್ಲಪ, ಲೆಕ್ಕಪತ್ರ ಸ್ಥಾಯಿ ಸಮಿತಿ.

ಬಸಣ್ಣ: ಅದರಾಗ ಯಾರಿರ್ತಾರೆ?

ಸಾಹುಕಾರ್: ಕಾರ್ಪೊರೇಟರ್‌ಗಳು.

ಬಸಣ್ಣ: ಖರ್ಚಿಗೆ ಕೈ ಎತ್ತೋರು?

ಸಾಹುಕಾರ್: ಅವ್ರೇ. ಖರ್ಚಿನ ಕಷ್ಟ ಹೊರಗಿನೋರಿಗೇನ್ ಗೊತ್ತಾಕತಿ?

ಬಸಣ್ಣ: ಸ್ಥಾಯಿ ಅಂದ್ರೆ ಕಾಯಂ ಅಲ್ಲೇನ್ರಿ?

ಸಾಹುಕಾರ್: ಸಮಿತಿ ವರ್ಷಕ್ಕೊಮ್ಮೆ ಬದಲಾಕತಿ. ಆಡಿಟ್ ಆಕ್ಷೇಪಣೆ ಕಾಯಂ.

ಬಸಣ್ಣ: ಮತ್ತೆ ಅಪಾಯ ನಿರ್ವಹಣೆ?

ಸಾಹುಕಾರ್: ಆಡಿಟ್‌ನೋರು ಬರೋ ದಿನ ಬೀರುವಿನ ಕೀಲಿಕೈ ರಜೆ ಮೇಲಿರ್ತತಿ.

ಬಸಣ್ಣ: ಚಲೋ ಪದ್ಧತಿ! ನನ್ನ ಉದ್ರಿ ಲೆಕ್ಕಾನೂ ನಾನೇ ಪಾಸ್ ಮಾಡ್ಲಾ?

ಸಾಹುಕಾರ್: (ಪುಸ್ತಕ ಕಸಿದುಕೊಂಡು) ಏಯ್, ಇದು ನನ್ನ ದುಡ್ಡಪ!