ಬಾಡಿಗೆ ಮನೆಯ ಬಾತ್‌ಟಬ್ಬು

ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಬಾತ್‌ಟಬ್ ಇದೆ ಎಂದೊಡನೆ ನೆಂಟರು ನಮ್ಮನ್ನು ಸಿರಿವಂತರ ಪಟ್ಟಿಗೆ ಸೇರಿಸಿಬಿಡುತ್ತಾರೆ. ಅದರಲ್ಲಿ ಹಾಯಾಗಿ ಮಲಗುವುದು ಕಾವೇರಿ ನೀರು ಮಾತ್ರ. ನಾವು ಪಕ್ಕದಲ್ಲಿ ನಿಂತು ಚೊಂಬಿನಲ್ಲಿ ಮೊಗೆದುಕೊಳ್ಳುತ್ತೇವೆ. ಕಾವೇರಿ ಬಾರದ ದಿನ ಬೋರ್‌ವೆಲ್ಲೇ ಗತಿ. ಆ ಗಡಸು ನೀರು ಟಬ್ಬಿಗೂ ಗೋಡೆಗೂ ವಿಭೂತಿ ಬಳಿದು ಇಡೀ ಬಚ್ಚಲಿಗೇ ಶಿವದೀಕ್ಷೆ ಕೊಟ್ಟಿದೆ. "ಟೈಲ್ಸ್ ಬದಲಾಯಿಸ್ತೀರಾ ಸಾರ್?" ಎಂದರೆ ಓನರು, "ನೀವೇ ಮಾಡಿಸ್ಕೊಳ್ಳಿ, ನನ್ನದೇನೂ ಅಭ್ಯಂತರ ಇಲ್ಲ" ಎಂದು ಉದಾರವಾಗಿ ನಕ್ಕರು.

ಸರಿ, ಹಳೇ ಪಂಚೆಯನ್ನು ವಿನಿಗರ್‌ನಲ್ಲಿ ಅದ್ದಿ ಟಬ್ಬಿಗೆ ಹೊದಿಸಿದೆ. ಸುಣ್ಣ ಕರಗಿತು, ಮನೆಯವಳು ಮೂಗು ಮುಚ್ಚಿಕೊಂಡೇ ತವರಿಗೆ ಫೋನು ಮಾಡಿದಳು. ಟೈಲ್ಸ್ ಸಂದಿಗೆ ಎಪಾಕ್ಸಿ ಗ್ರೌಟ್ ಬಾಳಿಕೆ ಬರುತ್ತದೆ, ಆದರೆ ದುಬಾರಿ. ಹನ್ನೊಂದು ತಿಂಗಳ ಕರಾರಿನವನಿಗೆ ವೈಟ್ ಸಿಮೆಂಟೇ ಹೆಚ್ಚು. ತೀರಾ ಬಿರುಕುಬಿಟ್ಟ ಕಡೆ ಅಂಟಿನ ಪಿವಿಸಿ ಶೀಟು, ಮೇಲೆ ಇಟಲಿಯ ಮಾರ್ಬಲಿನ ಚಿತ್ರ. ಬಿಸಿನೀರಿನ ಹಬೆಗೆ ಅದರ ಮೂಲೆ ಏಳುತ್ತದೆ. ಕಣ್ಣಿಗೆ ಸೋಪು ಹೋಗಿದ್ದರೂ ಮೊಣಕೈಯಲ್ಲಿ ಒತ್ತಿ ಹಿಡಿಯುತ್ತೇನೆ.

ಮೊನ್ನೆ ಓನರು ಇಣುಕಿ ನೋಡಿ, "ಬಚ್ಚಲು ಚೆನ್ನಾಗಾಯ್ತು, ಇನ್ನು ಬಾಡಿಗೆ ಸ್ವಲ್ಪ ಏರಿಸಬಹುದು" ಎಂದರು. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಈ ಊರಿನ ಪದ್ಧತಿ. ಬಚ್ಚಲು ಉಜ್ಜಿದ ಕೂಲಿಗೆ ಕರಾರುಪತ್ರದಲ್ಲಿ ಕಾಲಂ ಇಲ್ಲ.