ನಾಂಪಲ್ಲೀಯ ಕ್ರಮಾಂಕ ಮೀಮಾಂಸೆ

ಭಾರತದ ಟೆಸ್ಟ್ ತಂಡವನ್ನು ಆರಿಸುವವರು ಯಾರು ಎಂಬ ವಿಷಯದಲ್ಲಿ ವಿದ್ವಾಂಸರು ಎರಡು ಪಂಗಡವಾಗಿದ್ದಾರೆ. ಮುಂಬಯಿ ಪಂಗಡದ ಪ್ರಕಾರ ಅದು ಕ್ರಿಕೆಟ್ ಮಂಡಳಿ ನೇಮಿಸಿದ ಆಯ್ಕೆ ಸಮಿತಿಯ ಕೆಲಸ. ಈ ಮತಕ್ಕೆ ಪತ್ರಿಕಾ ಪ್ರಕಟಣೆಗಳ ಹೊರತು ಬೇರೆ ಆಧಾರ ಸಿಕ್ಕಿಲ್ಲ. ನಾಂಪಲ್ಲಿ ಪಂಗಡದ ಪ್ರಕಾರ ತಂಡ ನಿಷ್ಕರ್ಷೆಯಾಗುವುದು ಹೈದರಾಬಾದಿನ ನಾಂಪಲ್ಲಿ ರೈಲು ನಿಲ್ದಾಣದ ಹತ್ತಿರದ ಇರಾನಿ ಹೋಟೆಲಿನಲ್ಲಿ, ಸಂಜೆಯ ಎರಡನೇ ಚಹಾದ ಹೊತ್ತಿಗೆ. ಮುಂಬಯಿಯವರು ಅದನ್ನು ನಕಲು ಮಾಡಿಕೊಳ್ಳುವಾಗ ತಪ್ಪು ಮಾಡುತ್ತಾರೆ, ಅಷ್ಟೆ. ಪ್ರಸ್ತುತ ಪ್ರಬಂಧ ಎರಡನೆಯ ಪಂಗಡದ್ದು.

ಅಧ್ಯಾಯ 1: ಕ್ಷೇತ್ರ, ಆಕರ ಮತ್ತು ಸಮಿತಿಯ ಸ್ವರೂಪ

ರೈಲ್ವೆಯ ಕಾಗದಪತ್ರಗಳಲ್ಲಿ ಈ ನಿಲ್ದಾಣದ ಹೆಸರು ಹೈದರಾಬಾದ್ ಡೆಕ್ಕನ್. ಬೀದರ, ಕಲಬುರಗಿ, ರಾಯಚೂರಿನವರ ಬಾಯಲ್ಲಿ ಇದು ನಾಂಪಲ್ಲಿ. ನಿಜಾಮನ ಕಾಲದಿಂದಲೂ ಈ ಜಿಲ್ಲೆಗಳವರು ಕೋರ್ಟು, ದವಾಖಾನೆ, ಕಾಲೇಜು, ಮದುವೆ ಜವಳಿ ಎಂದು ಹೈದರಾಬಾದಿಗೆ ಎಡತಾಕುತ್ತಲೇ ಇದ್ದಾರೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ದಫ್ತರಗಳು ಹಂಚಿಹೋದವು, ನೌಕರರು ಹಂಚಿಹೋದರು. ಕ್ರಿಕೆಟ್ ಅಭಿಮಾನವನ್ನು ಹಂಚಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. 2000ದ ರಣಜಿ ಸೆಮಿಫೈನಲ್‌ನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಬೆಂಗಳೂರಿಗೇ ಹೋಗಿ ಕರ್ನಾಟಕದ ಮೇಲೆ 353 ರನ್ ಹೊಡೆದಾಗ, ಬೀದರಿನ ಮಂದಿ ಬೆಳಿಗ್ಗೆ ಅತ್ತು ಸಂಜೆ ಪೇಡೆ ಹಂಚಿದರೆಂದು ಮೌಖಿಕ ಪರಂಪರೆ ಹೇಳುತ್ತದೆ. ಅಳು ಮೊದಲೋ ಪೇಡೆ ಮೊದಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ನಾಂಪಲ್ಲಿಯ ಸಮಿತಿಗೆ ಸೇರಲು ಬೇಕಾದ ಅರ್ಹತೆ ಒಂದು ಚಹಾ. ಒನ್ ಬೈ ಟು ಕುಡಿದವರಿಗೆ ಅರ್ಧ ಮತ. ಖಾಯಂ ಸದಸ್ಯರು ಮೂವರು. ಒಬ್ಬರು ಬೀದರಿನ ಜವಳಿ ವ್ಯಾಪಾರಿ, ಎಲ್ಲರಿಗೂ ಕಾಕಾ. ಇನ್ನೊಬ್ಬರು ವಾಡಿ ಜಂಕ್ಷನ್ನಿನ ಕಡೆ ಬಹುಕಾಲ ಗಾಡಿಯ ಮೇಲೆ ದುಡಿದು ನಿವೃತ್ತರಾದ ಗಾರ್ಡ್ ಸಾಹೇಬರು. ಅಚ್ಚ ಹೈದರಾಬಾದಿ, ಕನ್ನಡವನ್ನೂ ದಖ್ಖನಿಯ ರಾಗದಲ್ಲೇ ಆಡುವವರು. ಮೂರನೆಯವನು ಕಲಬುರಗಿಯ ಒಬ್ಬ ವಿದ್ಯಾರ್ಥಿ. ಮೊಬೈಲಿನಲ್ಲಿ ಅಂಕಿಅಂಶ ಹುಡುಕುವುದು ಅವನ ಜವಾಬ್ದಾರಿ, ಅದನ್ನು ಕೇಳಿಸಿಕೊಳ್ಳದೇ ಇರುವುದು ಉಳಿದಿಬ್ಬರ ಹಕ್ಕು. ರೈಲು ತಡವಾದಷ್ಟೂ ಚರ್ಚೆಯ ಆಳ ಹೆಚ್ಚುತ್ತದೆಯಾದ್ದರಿಂದ ಭಾರತೀಯ ಬ್ಯಾಟಿಂಗ್ ಚಿಂತನೆಗೆ ರೈಲ್ವೆಯ ಕೊಡುಗೆಯನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಲಾಗಿದೆ.

ಸಮಿತಿಯ ವಾದಪದ್ಧತಿ ಪ್ರಾಚೀನವಾದದ್ದು. ಒಬ್ಬರು ಪೂರ್ವಶಾಸನ ಎತ್ತುತ್ತಾರೆ, ಇನ್ನೊಬ್ಬರು ಅದಕ್ಕೆ ಪ್ರತಿಶಾಸನ. ಗಾರ್ಡ್ ಸಾಹೇಬರು 1968ರ ಬ್ರಿಸ್ಬೇನನ್ನು ತೆಗೆಯುತ್ತಾರೆ: ಮೊದಲ ಪಟ್ಟಿಯಲ್ಲಿ ಹೆಸರಿಲ್ಲದೆ ನಡುವೆ ವಿಮಾನ ಹತ್ತಿ ಹೋದ ಎಂ.ಎಲ್. ಜೈಸಿಂಹ ಅಲ್ಲಿ 74 ಮತ್ತು 101 ಹೊಡೆದದ್ದು. ಕಾಕಾ ಕೂಡಲೇ 1969ರ ಕಾನ್ಪುರ ತೆಗೆಯುತ್ತಾರೆ: ಗುಂಡಪ್ಪ ವಿಶ್ವನಾಥ್ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಇವೆರಡರಲ್ಲಿ ಯಾವುದು ಮಿಗಿಲೆಂದು ತೀರ್ಮಾನಿಸುವಷ್ಟು ತಡವಾಗಿ ಈವರೆಗೆ ಯಾವ ರೈಲೂ ಬಂದಿಲ್ಲ.

ಅಧ್ಯಾಯ 2: ಮೂಲಗ್ರಂಥ

ನಾಂಪಲ್ಲಿ ಶಾಸ್ತ್ರದ ಮೂಲಗ್ರಂಥ 2001ರ ಮಾರ್ಚ್ ತಿಂಗಳ ಕೋಲ್ಕತ್ತಾ ಟೆಸ್ಟ್. ಸತತ 16 ಟೆಸ್ಟ್ ಗೆದ್ದುಕೊಂಡು ಬಂದಿದ್ದ ಆಸ್ಟ್ರೇಲಿಯಾ 445 ಹೊಡೆಯಿತು. ಭಾರತ 171ಕ್ಕೆ ಉದುರಿ ಫಾಲೋ ಆನ್ ಪಡೆಯಿತು. ಆ 171ರಲ್ಲಿ ಆರನೇ ಕ್ರಮಾಂಕದ ಲಕ್ಷ್ಮಣ್ 59 ಹೊಡೆದು ಕೊನೆಯವರಾಗಿ ಔಟಾಗಿದ್ದರು. ಪ್ಯಾಡು ಬಿಚ್ಚಬೇಡ, ಎರಡನೇ ಇನಿಂಗ್ಸಿಗೆ ಮೂರನೆಯವನಾಗಿ ನೀನೇ ಹೋಗು ಎಂದು ಅವರಿಗೆ ಹೇಳಲಾಯಿತು. ಮೂರನೇ ಕ್ರಮಾಂಕದ ಖಾಯಂ ಒಡೆಯರಾದ ರಾಹುಲ್ ದ್ರಾವಿಡ್ ಆರಕ್ಕೆ ಇಳಿದರು. ಹೇಳಿದವರು ಯಾರು ಎಂಬಲ್ಲಿ ಪಾಠಾಂತರಗಳಿವೆ. ಒಂದು ಪಾಠದಲ್ಲಿ ಕೋಚ್ ಜಾನ್ ರೈಟ್, ಇನ್ನೊಂದರಲ್ಲಿ ನಾಯಕ ಗಂಗೂಲಿ. ನಾಂಪಲ್ಲಿಯಲ್ಲಿ ಮಾತ್ರ ಚಲಾವಣೆಯಲ್ಲಿರುವ ಮೂರನೇ ಪಾಠದ ಪ್ರಕಾರ ಹೇಳಿದವರು ಗಾರ್ಡ್ ಸಾಹೇಬರು, ಹಿಂದಿನ ದಿನ ಸಂಜೆ, ಹೋಟೆಲಿನ ಟಿವಿಗೆ.

ಮುಂದಿನದು ಎಲ್ಲರಿಗೂ ಬಾಯಿಪಾಠ. ಲಕ್ಷ್ಮಣ್ 281, ದ್ರಾವಿಡ್ 180, ಐದನೇ ವಿಕೆಟ್ಟಿಗೆ 376. ನಾಲ್ಕನೇ ದಿನ ಬೆಳಗಿನಿಂದ ಸಂಜೆಯವರೆಗೆ ಒಂದು ವಿಕೆಟ್ಟೂ ಬೀಳಲಿಲ್ಲ. ಭಾರತ 171 ರನ್ನಿನಿಂದ ಗೆದ್ದಿತು. ಆಮೇಲೆ ಚೆನ್ನೈಯಲ್ಲೂ ಗೆದ್ದು ಸರಣಿಯನ್ನು ಎಳೆದುಕೊಂಡಿತು.

ಇದರ ಮೇಲೆ ಎರಡು ಭಾಷ್ಯಗಳಿವೆ. ಗಾರ್ಡ್ ಸಾಹೇಬರ ಲಕ್ಷ್ಮಣೀಯ ಭಾಷ್ಯದ ಸಾರ: 281 ಎಂದರೆ 281. ಕಾಕಾ ಅವರ ದ್ರಾವಿಡ ಭಾಷ್ಯ ಇದಕ್ಕಿಂತ ಸೂಕ್ಷ್ಮ. ‘ನೋಡ್ರಿ ಸಾಹೇಬ್ರ, ರಾಮಾಯಣದಾಗ ಲಕ್ಷ್ಮಣ ಹಿಂದ ನಡದ. ಇಲ್ಲಿ ಮುಂದ ಬಂದ. ಯಾಕ ಬಂದ? ನಮ್ಮವ ಜಾಗಾ ಬಿಟ್ಟ, ಅದಕ್ಕ ಬಂದ. ಜಾಗಾ ಬಿಟ್ಟು ಮ್ಯಾಲ 180 ಹೊಡ್ಯೋದು ಅಂದ್ರ ಸಣ್ಣ ಮಾತೇನ್ರಿ?’ ಇದಕ್ಕೆ ಗಾರ್ಡ್ ಸಾಹೇಬರ ಖಂಡನೆ: ‘ಬಿಡ್ಸಿದ್ರು ಮಿಯಾ, ಬಿಡ್ಲಿಲ್ಲ.’

ಎರಡೂ ಭಾಷ್ಯಗಳು ಗಮನಿಸದೇ ಬಿಟ್ಟ ಸಂಗತಿ ಒಂದಿದೆ. ಕೋಲ್ಕತ್ತಾದಲ್ಲಿ ಯಾರೂ ತಂಡದಿಂದ ಹೊರಗೆ ಹೋಗಲಿಲ್ಲ. ಇದ್ದ ಹನ್ನೊಂದು ಜನರಲ್ಲೇ ಇಬ್ಬರು ಜಾಗ ಬದಲಿಸಿಕೊಂಡರು, ಇಬ್ಬರೂ ಹೊಡೆದರು. ಆಯ್ಕೆಯ ಇತಿಹಾಸದಲ್ಲಿ ಇಂಥ ಸುಖಾಂತ ಬಲು ಅಪರೂಪ, ಮತ್ತು ಅದರಿಂದಲೇ ನಾಂಪಲ್ಲಿ ಕೆಟ್ಟಿತು. ಬೇಕಾದವನನ್ನು ಮೇಲೆ ಹತ್ತಿಸಿದರೆ ಸಾಕು, ಯಾರ ಹೊಟ್ಟೆಯ ಮೇಲೂ ಹೊಡೆಯಬೇಕಿಲ್ಲ ಎಂಬ ನಂಬಿಕೆ ಅಂದು ಬೇರೂರಿದ್ದು ಇಂದಿಗೂ ಅಲುಗಿಲ್ಲ. ದೇಶದ ಮಿಕ್ಕ ಊರುಗಳ ಹೋಟೆಲುಗಳಲ್ಲೂ ಇದೇ ಸ್ಥಿತಿ ಎಂದು ನನ್ನ ಗುಮಾನಿ. ಸೇರಿಸಬೇಕಾದವರ ಪಟ್ಟಿ ಎಲ್ಲರ ಜೇಬಿನಲ್ಲೂ ಇರುತ್ತದೆ. ತೆಗೆಯಬೇಕಾದವನ ಹೆಸರು ಕೇಳಿ ನೋಡಿ, ಅವರಿಗೆ ರೈಲಿನ ನೆನಪಾಗುತ್ತದೆ.

ಅಧ್ಯಾಯ 3: ಬೌಲರುಗಳು

ನಾಂಪಲ್ಲಿಯಲ್ಲಿ ಬೌಲರುಗಳ ಚರ್ಚೆ ಇಲ್ಲ. (ಅದೇ ಕೋಲ್ಕತ್ತಾದಲ್ಲಿ ಹರಭಜನ್ ಸಿಂಗ್ ಹ್ಯಾಟ್ರಿಕ್ ಸಮೇತ 13 ವಿಕೆಟ್ ಪಡೆದರೆಂದು ವಿದ್ಯಾರ್ಥಿ ಒಮ್ಮೆ ಓದಿ ಹೇಳಿದ್ದುಂಟು.)

ಅಧ್ಯಾಯ 4: ಉಸ್ಮಾನಿಯಾ ಪ್ರಯೋಗ

2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಕರುಣ್ ನಾಯರ್ ಔಟಾಗದೆ 303 ಹೊಡೆದರು. ಅವರಿಗೆ ಅದು ಮೂರನೇ ಟೆಸ್ಟ್. ಟೆಸ್ಟಿನಲ್ಲಿ ಮುನ್ನೂರು ದಾಟಿದ ಭಾರತೀಯರು ಅಲ್ಲಿಯವರೆಗೆ ಸೆಹ್ವಾಗ್ ಒಬ್ಬರೇ. ಅದೇ ಇನಿಂಗ್ಸಿನಲ್ಲಿ ಕೆ.ಎಲ್. ರಾಹುಲ್ 199. ಕಾಕಾ ಆ ವಾರ ಇಡೀ ಸಮಿತಿಯ ಚಹಾದ ಬಿಲ್ಲು ತಾವೇ ಕೊಟ್ಟರು, ಇದು ದಾಖಲಾರ್ಹ.

ಭಾರತದ ಮುಂದಿನ ಟೆಸ್ಟ್ 2017ರ ಫೆಬ್ರವರಿ 9ರಿಂದ, ಬಾಂಗ್ಲಾದೇಶದ ವಿರುದ್ಧ, ಇದೇ ಹೈದರಾಬಾದಿನ ಉಪ್ಪಲ್‌ನಲ್ಲಿ. ನಾಂಪಲ್ಲಿ ಮೈದಾನದಲ್ಲಿ ನುಮಾಯಿಷ್ ವಸ್ತುಪ್ರದರ್ಶನ ಇನ್ನೂ ಮುಗಿದಿರಲಿಲ್ಲವಾಗಿ ಊರ ಕಡೆಯಿಂದ ಬಂದವರು ಬಹಳ, ಸಮಿತಿಗೆ ಭರ್ತಿ ಹಾಜರಾತಿ. ಬೆರಳು ಮುರಿದುಕೊಂಡು ಹೊರಗಿದ್ದ ಅಜಿಂಕ್ಯ ರಹಾನೆ ವಾಸಿಯಾಗಿ ಬಂದರು. ಹನ್ನೊಂದರ ಪಟ್ಟಿ ಹೊರಬಿದ್ದಾಗ ಅದರಲ್ಲಿ ಕರುಣ್ ಹೆಸರಿರಲಿಲ್ಲ.

ಸಮಿತಿ ತುರ್ತಾಗಿ ಸೇರಿ ಒಂದು ಪ್ರಯೋಗ ನಡೆಸಿತು. ವಿಧಾನ ಹೀಗೆ: ಪ್ಲೇಟಿನಲ್ಲಿ ಹನ್ನೊಂದು ಉಸ್ಮಾನಿಯಾ ಬಿಸ್ಕತ್ತು ಕ್ರಮಾಂಕದಂತೆ ಇಡುವುದು. ಹನ್ನೆರಡನೆಯದು ಕರುಣ್. ಪ್ಲೇಟಿನಲ್ಲಿ ಹನ್ನೊಂದಕ್ಕಷ್ಟೇ ಜಾಗ. ಕರುಣ್ ಒಳಗೆ ಬರಬೇಕಾದರೆ ಸಮಿತಿ ಒಮ್ಮತದಿಂದ ಒಬ್ಬರನ್ನು ತಿನ್ನಬೇಕು.

ರಾಹುಲ್‌ನಿಂದ ಶುರುವಾಯಿತು. ‘ಅದನ್ನ ಮುಟ್ಟಬ್ಯಾಡ್ರಿ, ಅವನೂ ನಮ್ಮವ’ ಎಂದರು ಕಾಕಾ. ಮುರಳಿ ವಿಜಯ್ ಮತ್ತು ಪೂಜಾರರ ಪರವಾಗಿ ಗಾರ್ಡ್ ಸಾಹೇಬರು ಎದ್ದುನಿಂತರು. 2013ರಲ್ಲಿ ಇದೇ ಉಪ್ಪಲ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ವಿಜಯ್ 167, ಪೂಜಾರ 204 ಹೊಡೆದದ್ದು ಊರಿಗೆ ಗೊತ್ತು. ಪೂಜಾರ ಅದರ ಹಿಂದಿನ ವರ್ಷವೂ ಇಲ್ಲಿ 159 ಹೊಡೆದು ಅಳಿಯನ ಸ್ಥಾನ ಪಡೆದವರು. ಕೊಹ್ಲಿಯ ಬಿಸ್ಕತ್ತಿನತ್ತ ಯಾರೂ ಕಣ್ಣೆತ್ತಲಿಲ್ಲ. ಕೀಪರನ್ನು ತಿಂದರೆ ಕೀಪಿಂಗ್ ಯಾರು ಮಾಡುವುದು? ಉಳಿದವರು ರಹಾನೆ.

ರಹಾನೆ ವಿಷಯದಲ್ಲಿ ಗಾರ್ಡ್ ಸಾಹೇಬರು ಮಂಡಿಸಿದ ವಾದವನ್ನು ಆಯ್ಕೆ ಶಾಸ್ತ್ರಕ್ಕೆ ರೈಲ್ವೆ ಸೇವಾ ನಿಯಮಾವಳಿ ಕೊಟ್ಟ ಶ್ರೇಷ್ಠ ಕಾಣಿಕೆ ಎಂದು ಈ ಲೇಖಕ ಭಾವಿಸುತ್ತಾನೆ. ‘ಸಿಕ್ ಲೀವ್ ಮೇಲೆ ಹೋದ ನೌಕರನ ಪೋಸ್ಟು ಹೋಗಲ್ಲ ಮಿಯಾ. ಫಿಟ್ ಸರ್ಟಿಫಿಕೇಟ್ ತಂದ, ಡ್ಯೂಟಿಗೆ ಹತ್ತಿದ. ಬದಲಿಗೆ ಬಂದವ ಇಳೀಬೇಕು. ಕೈಕು ಬೋಲೆ ತೋ, ಕಾನೂನು.’ ನಾಯಕ ಕೊಹ್ಲಿ ಪತ್ರಕರ್ತರಿಗೆ ಹೇಳಿದ್ದರ ತಾತ್ಪರ್ಯವೂ ಇದೇ: ಒಬ್ಬರ ಒಂದು ಪಂದ್ಯದಿಂದ ಇನ್ನೊಬ್ಬರ ಎರಡು ವರ್ಷಗಳ ದುಡಿಮೆ ಅಳಿಸಿಹೋಗಬಾರದು. ಇಬ್ಬರಲ್ಲಿ ಯಾರು ಯಾರಿಂದ ಎರವಲು ಪಡೆದರೆಂಬುದು ಮುಂದಿನ ಸಂಶೋಧಕರಿಗೆ ಬಿಟ್ಟದ್ದು.

‘ಬದಲಿಗೆ ಬಂದವ ಮುನ್ನೂರಾ ಮೂರು ಹೊಡದಾನ್ರೀ!’ ಎಂದು ಕಾಕಾ ಟೇಬಲ್ ಗುದ್ದಿದಾಗ ವಿಜಯ್ ಮತ್ತು ಇಶಾಂತ್ ಪ್ಲೇಟಿನ ಅಂಚಿಗೆ ಸರಿದರು. ಈ ಹಂತದಲ್ಲಿ ವಿದ್ಯಾರ್ಥಿ ತನ್ನ ಏಕೈಕ ಮೌಲಿಕ ಆಕರವನ್ನು ಮುಂದಿಟ್ಟ. ಟೆಸ್ಟ್ ಚರಿತ್ರೆಯ ಮೊಟ್ಟಮೊದಲ ತ್ರಿಶತಕ ಇಂಗ್ಲೆಂಡಿನ ಆ್ಯಂಡಿ ಸ್ಯಾಂಡಮ್ 1930ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಹೊಡೆದ 325. ಅದೇ ಅವರ ಕೊನೆಯ ಟೆಸ್ಟ್. ಮುಂದೆ ಅವರನ್ನು ಆಡಿಸಲೇ ಇಲ್ಲ. ಈ ಮಾತಿನಿಂದ ಕಾಕಾಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಸ್ಯಾಂಡಮ್‌ಗೆ ಆಗ 39 ವರ್ಷವಾಗಿತ್ತು, ಕರುಣ್‌ಗೆ 25 ಎಂದು ಅದೇ ಮೊಬೈಲಿನಿಂದಲೇ ಅವರು ಓದಿಸಿದರು.

ಕಾಕಾಗೆ ಕಡೆಗೆ ಉಳಿದದ್ದು ಸ್ಥಳೀಯ ವಾದ. ‘ಕೋಚ್ ಯಾರ್ರಿ? ಅನಿಲ್ ಕುಂಬ್ಳೆ. ನಮ್ಮವರ.’ ಗಾರ್ಡ್ ಸಾಹೇಬರು ಚಹಾವನ್ನು ಸಾಸರಿಗೆ ಸುರಿದು, ಊದಿ, ನಿಧಾನವಾಗಿ ಹೀರಿ, ‘ನಿಮ್ಮವರೇ ನಿಮ್ಮವರನ್ನ ಕೂಡ್ಸಿದ್ರೆ ನಮ್ಮನ್ನ ಯಾಕೆ ಕೇಳ್ತೀರಿ ಕಾಕಾ?’ ಎಂದರು. ಸರಿ, ರಹಾನೆಯನ್ನು ನೀವೇ ತಿನ್ನಿ ಎಂದು ಸಭೆ ಕಾಕಾಗೆ ಅನುಮತಿ ಕೊಟ್ಟಿತು. ಕಾಕಾ ಬಿಸ್ಕತ್ತು ಕೈಗೆತ್ತಿಕೊಂಡರು. ಬಾಯಿಯ ಹತ್ತಿರ ತಂದರು. ‘ಪಾಪ, ಸಂಭಾವಿತ ಹುಡುಗ’ ಎಂದು ವಾಪಸು ಇಟ್ಟರು.

ಪ್ರಯೋಗ ಮುಗಿದದ್ದು ಆಕಸ್ಮಿಕವಾಗಿ. ವಾದದ ಭರದಲ್ಲಿ ವಿದ್ಯಾರ್ಥಿ ಅಂಚಿನಲ್ಲಿದ್ದ ಇಶಾಂತ್ ಶರ್ಮಾರನ್ನು ಎತ್ತಿ ಚಹಾದಲ್ಲಿ ಅದ್ದಿದ. ಉಸ್ಮಾನಿಯಾ ಬಿಸ್ಕತ್ತು ಬಿಸಿ ಚಹಾದಲ್ಲಿ ಎರಡು ಕ್ಷಣ ತಡೆದರೆ ಹೆಚ್ಚು. ಅರ್ಧ ಕೈಯಲ್ಲಿ ಉಳಿಯಿತು, ಅರ್ಧ ಲೋಟದ ತಳ ಸೇರಿತು. ಖಾಲಿಯಾದ ಜಾಗಕ್ಕೆ ಕರುಣ್ ಬಂದರು. ಒಬ್ಬರೂ ಆಕ್ಷೇಪಿಸಲಿಲ್ಲ (ನೋಡಿ, ಅಧ್ಯಾಯ 3). ಅತ್ತ ಉಪ್ಪಲ್‌ನಲ್ಲಿ ಕರುಣ್ ಇಲ್ಲದ ತಂಡ ಕೊಹ್ಲಿಯ 204, ವಿಜಯ್ ಮತ್ತು ಕೀಪರ್ ಸಹಾರ ಶತಕಗಳ ಸಮೇತ 6 ವಿಕೆಟ್ಟಿಗೆ 687 ಹೊಡೆದು 208 ರನ್ನಿನಿಂದ ಗೆದ್ದಿತು. ರಹಾನೆ 82. ಸಮಿತಿಯ ತಂಡವಾಗಿದ್ದರೆ ಎಂಟುನೂರು ಹೊಡೆಯುತ್ತಿತ್ತು ಎಂಬುದನ್ನು ಇದುವರೆಗೆ ಯಾರೂ ಸಪ್ರಮಾಣವಾಗಿ ಅಲ್ಲಗಳೆದಿಲ್ಲ.

ಅಧ್ಯಾಯ 5: ಉತ್ತರಕಾಂಡ

2018ರ ಇಂಗ್ಲೆಂಡ್ ಪ್ರವಾಸದಲ್ಲಿ ಕರುಣ್ ತಂಡದ ಜೊತೆಗೇ ಇದ್ದರು, ಆಡಲಿಲ್ಲ. ಸರಣಿಯ ನಡುವೆ ಕರೆಸಿಕೊಂಡ ಹನುಮ ವಿಹಾರಿ ಓವಲ್‌ನಲ್ಲಿ ಮೊದಲ ಟೆಸ್ಟ್ ಆಡಿ 56 ಹೊಡೆದರು. ವಿಹಾರಿ ಆಗ ಆಂಧ್ರದ ಆಟಗಾರ, ಅದಕ್ಕೂ ಮೊದಲು ಹೈದರಾಬಾದಿಗೂ ಆಡಿದವರು. ಗಾರ್ಡ್ ಸಾಹೇಬರು ಹಬ್ಬವನ್ನು ಅರ್ಧ ಮಾಡಿದರು, ಒನ್ ಬೈ ಟು. 2021ರ ಕೊನೆಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರ ಹುದ್ದೆಯಿಂದ ದ್ರಾವಿಡ್ ಎದ್ದರು, ಆ ಕುರ್ಚಿಯಲ್ಲಿ ಲಕ್ಷ್ಮಣ್ ಕೂತರು. ಕೋಲ್ಕತ್ತಾದ ಅದೇ ಅದಲುಬದಲು, ಇಪ್ಪತ್ತು ವರ್ಷದ ಮೇಲೆ! ಕಾಕಾ ಅಂದು ಚಹಾ ಕುಡಿಯದೆ ಬೀದರದ ಗಾಡಿ ಹತ್ತಿದರು.

2025ರಲ್ಲಿ, ಎಂಟು ವರ್ಷಗಳ ಮೇಲೆ, ವಿದರ್ಭದ ಪರ ರನ್ನಿನ ರಾಶಿ ಹಾಕಿದ ಕರುಣ್‌ಗೆ ಇಂಗ್ಲೆಂಡಿನಲ್ಲಿ ಮತ್ತೆ ಟೆಸ್ಟ್ ಸಿಕ್ಕಿತು. ಲೀಡ್ಸ್‌ನಲ್ಲಿ ಆರನೇ ಕ್ರಮಾಂಕ, ಸೊನ್ನೆ ಮತ್ತು 20. ಎಜ್‌ಬಾಸ್ಟನ್ ಮತ್ತು ಲಾರ್ಡ್ಸ್‌ನಲ್ಲಿ ಮೂರನೇ ಕ್ರಮಾಂಕ. ಇಪ್ಪತ್ತು, ಮೂವತ್ತು, ನಲವತ್ತು ಬಂದವು, ಅದರಾಚೆ ಬರಲಿಲ್ಲ. ಮ್ಯಾಂಚೆಸ್ಟರಿನಲ್ಲಿ ಆ ಜಾಗ ಸಾಯಿ ಸುದರ್ಶನ್‌ಗೆ ಹೋಯಿತು. ಓವಲ್‌ನಲ್ಲಿ ಮರಳಿ ಬಂದ ಕರುಣ್ 57 ಹೊಡೆದರು, ಮುಂದಿನ ಸರಣಿಗೆ ಆಯ್ಕೆಯಾಗಲಿಲ್ಲ. ಕಾಕಾ ಈಗ ಯಾರನ್ನು ಸೇರಿಸಬೇಕೆಂದು ಹೇಳುವುದನ್ನೂ ಬಿಟ್ಟಿದ್ದಾರೆ.

ಆದರೆ ಅದೇ ಓವಲ್ ಟೆಸ್ಟ್ ಶಾಸ್ತ್ರದಲ್ಲೊಂದು ಬಿಕ್ಕಟ್ಟನ್ನು ತಂದಿಟ್ಟಿತು. ಆಗಸ್ಟ್ 4ರಂದು ಕೊನೆಯ ವಿಕೆಟ್ ಕಿತ್ತು ಆರು ರನ್ನಿನಿಂದ ಪಂದ್ಯ ಗೆಲ್ಲಿಸಿದವರು ಮೊಹಮ್ಮದ್ ಸಿರಾಜ್. ಊರು ಹೈದರಾಬಾದು, ಕಸುಬು ಬೌಲಿಂಗ್. ಮೂರನೇ ಅಧ್ಯಾಯವನ್ನು ತಿದ್ದದೆ ಗತ್ಯಂತರವಿರಲಿಲ್ಲ, ಬೌಲಿಂಗ್ ಬಗ್ಗೆ ಮಾತಾಡಿ ಸಮಿತಿಯಲ್ಲಿ ಯಾರಿಗೂ ರೂಢಿಯಿರಲಿಲ್ಲ. ಬಹಳ ಹೊತ್ತಿನ ಮೇಲೆ ಗಾರ್ಡ್ ಸಾಹೇಬರು, ಸಿರಾಜ್‌ನನ್ನು ಇನ್ನು ಮುಂದೆ ಮೂರನೇ ಕ್ರಮಾಂಕದಲ್ಲಿ ಬ್ಯಾಟಿಂಗಿಗೆ ಕಳಿಸತಕ್ಕದ್ದು ಎಂಬ ಠರಾವು ಮಂಡಿಸಿದರು. ಕಾಕಾ ಅನುಮೋದಿಸಿದರು. ಸಿರಾಜ್ ಹೇಗೂ ತಂಡದಲ್ಲೇ ಇರುವುದರಿಂದ ಯಾರನ್ನೂ ತೆಗೆಯುವ ಪ್ರಮೇಯ ಬರಲಿಲ್ಲ, ಠರಾವು ಒಮ್ಮತದಿಂದ ಪಾಸಾಯಿತು.