ಐವತ್ತಕ್ಕೆ ನಲವತ್ನಾಲ್ಕು

ಹೈಸ್ಕೂಲಿನ ಕನ್ನಡ ಮಾಸ್ತರನಾಗಿ ನಿವೃತ್ತನಾದವನಿಗೆ ಗೋಕಾಕದಲ್ಲಿ ಎರಡು ಶಾಶ್ವತ ತೊಂದರೆಗಳಿರುತ್ತವೆ. ಒಂದು, ಊರಿನ ಅರ್ಧ ಜನ ಅವನ ಶಿಷ್ಯರು, ಇನ್ನರ್ಧ ಆ ಶಿಷ್ಯರ ಬೀಗರು. ಎರಡು, ಕಂಡದ್ದಕ್ಕೆಲ್ಲ ಅಂಕ ಕೊಡಬೇಕೆನ್ನುವ ಕೈತುರಿಕೆ. ಕರದಂಟಿನ ಅಂಗಡಿಯಲ್ಲಿ ಒಂದು ತುಣುಕು ಬಾಯಿಗೆ ಹಾಕಿಕೊಂಡು, 'ಅಂಟು ಸಾಕಷ್ಟಿದೆ, ಪಾಕ ಒಂದೆಳೆ ಹೆಚ್ಚಾಗಿದೆ, ನೂರಕ್ಕೆ ಎಂಬತ್ತೆರಡು' ಎಂದು ನಾನು ತೀರ್ಪು ಕೊಟ್ಟರೆ, ಅಂಗಡಿಯವ 'ಹೌದ್ರಿ ಸರ್' ಎಂದು ಕೈಮುಗಿದು ನೂರಕ್ಕೆ ನೂರು ದುಡ್ಡು ತೆಗೆದುಕೊಳ್ಳುತ್ತಾನೆ.

ಈ ಖ್ಯಾತಿ ಅಮೆರಿಕದ ಡೆನ್ವರಿನಲ್ಲಿರುವ ನನ್ನ ಸೋದರಳಿಯನವರೆಗೂ ಹೋಗಿದ್ದೇ ಅನರ್ಥಕ್ಕೆ ಮೂಲ. ಅವನ ಹೊಟ್ಟೆಪಾಡು ಸಾಫ್ಟ್‌ವೇರಿನದು, ಭಕ್ತಿ ಮಾತ್ರ ಬಿಯರಿನದು. ದೊಡ್ಡ ಕಂಪನಿಗಳ ಬಿಯರಲ್ಲ, ಸಣ್ಣ ಸಣ್ಣ ಊರುಗಳಲ್ಲಿ ಕೈಯಾರೆ ಮಾಡುವ ಕ್ರಾಫ್ಟ್ ಬಿಯರು. ಅದನ್ನು ಪರೀಕ್ಷಿಸಿ ಅಂಕ ಕೊಡುವವರಿಗೆ ಅಲ್ಲಿ 1985ರಿಂದ ಬಿ.ಜೆ.ಸಿ.ಪಿ. ಎಂಬ ಸಂಸ್ಥೆಯಿದೆ, ಅದಕ್ಕೊಂದು ಪರೀಕ್ಷೆಯಿದೆ, ಪರೀಕ್ಷೆಗೊಂದು ಅಂಕಪಟ್ಟಿಯಿದೆ. 'ಅಂಕಪಟ್ಟಿ' ಎಂದು ಕಿವಿಗೆ ಬಿದ್ದದ್ದೇ ತಡ, ನಾನು ನೆಟ್ಟಗೆ ಕೂತೆ.

ಬೇಸಿಗೆ ರಜೆಗೆ ಬಂದ ಅಳಿಯ ಸೂಟ್‌ಕೇಸಿನ ಅಡಿಯಲ್ಲಿ, ಬನಿಯನ್ನುಗಳ ಮಧ್ಯೆ, ಐದು ಡಬ್ಬಿ ತಂದಿದ್ದ. ಐದೇ ಯಾಕೆ ಎಂದರೆ, ಕಸ್ಟಮ್ಸಿನವರು ಸುಂಕವಿಲ್ಲದೆ ಬಿಡುವುದು ತಲೆಗೆ 2 ಲೀಟರು ಮಾತ್ರ. 355 ಮಿಲಿಯ ಡಬ್ಬಿ ಐದಾದರೆ 1775. ಆರನೆಯದಕ್ಕೆ ಕಾನೂನು ಅಡ್ಡ ಬರುತ್ತದೆ. 'ಮಾಮಾ, ಗೋಕಾಕದ ಮೇ ತಿಂಗಳಿಗೆ ಇದರೊಳಗ ಯಾವುದು ಯೋಗ್ಯ ಅಂತ ನೀವ ಹೇಳಬೇಕು' ಎಂದ. ಹೊರಗೆ ನಲವತ್ತರ ಹತ್ತಿರ ಬಿಸಿಲು. ಆ ಹೊತ್ತಿನಲ್ಲಿ ಯಾರಾದರೂ ನನಗೆ ಸೀಮೆಎಣ್ಣೆಯ ಪರೀಕ್ಷಕ ಹುದ್ದೆ ಕೊಟ್ಟಿದ್ದರೂ ಒಪ್ಪುತ್ತಿದ್ದೆನೋ ಏನೋ.

ಅಂಕಪಟ್ಟಿ ಓದಿದೆ. ಒಟ್ಟು 50. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯೊಳಗಿನ ಹದಕ್ಕೆ 5, ಒಟ್ಟಂದಕ್ಕೆ 10. ನಮ್ಮ ಪ್ರಶ್ನೆಪತ್ರಿಕೆಯ ನೀಲನಕ್ಷೆಗಿಂತ ಅಚ್ಚುಕಟ್ಟು. 45 ಮುಟ್ಟಿದರೆ ವಿಶ್ವದರ್ಜೆ, 38ರಿಂದ 44 ಅತ್ಯುತ್ತಮ, 13ಕ್ಕೆ ಇಳಿದರೆ ದೇವರೇ ಗತಿ. ಕೆಂಪು ಪೆನ್ನು ಹುಡುಕಿ ಇಟ್ಟುಕೊಂಡೆ.

ಪೀಠದಲ್ಲಿ ಒಬ್ಬನೇ ಇದ್ದರೆ ನ್ಯಾಯವಾಗುವುದಿಲ್ಲ ಎಂದು ಮೂರು ತಾಲೂಕಿನ ಪ್ರಾತಿನಿಧ್ಯ ಮಾಡಿದೆ. ಗೋಕಾಕಿಗೆ ನಾನು. ಮೂಡಲಗಿಗೆ ಕಬ್ಬು ಬೆಳೆಯುವ ನನ್ನ ಗೆಳೆಯ. ಅವನು ಬೆಲ್ಲದ ಪೆಂಟೆಯನ್ನು ಕಚ್ಚಿ ಅದು ಯಾವ ಗಾಣದ್ದೆಂದು ಹೇಳಬಲ್ಲ. ಹುಕ್ಕೇರಿಗೆ ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರ ಮಾಡುವ ಷಡ್ಡಕ. ಅವನ ನಾಲಿಗೆ ಎಂದೋ ವೀರಮರಣ ಹೊಂದಿದೆ. ಆದರೂ ಹುಕ್ಕೇರಿಯವರನ್ನು ಬಿಟ್ಟರೆ ಆಮೇಲೆ ಮದುವೆ ಮನೆಗಳಲ್ಲಿ ಮಾತು ಕೇಳಬೇಕಾಗುತ್ತದೆ.

ಸ್ಥಳದ ಪ್ರಶ್ನೆ ಬಂತು. ನಮ್ಮ ಮನೆಯ ಹೆಸರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಅಳಿಯ ಗೋಕಾಕ ಫಾಲ್ಸ್ ಅಂದ. ಮಳೆಗಾಲದಲ್ಲಿ ಘಟಪ್ರಭೆ 52 ಮೀಟರು ಧುಮುಕುವ ಆ ಜಾಗದಲ್ಲಿ ಬೇಸಿಗೆಗೆ ಉಳಿಯುವುದು ಬಂಡೆ, ತೂಗುಸೇತುವೆ ಮತ್ತು ಸೆಲ್ಫಿ ತೆಗೆಯುವ ನನ್ನ ಶಿಷ್ಯರು. ಹುಕ್ಕೇರಿಯ ಷಡ್ಡಕನ ಮನೆಯಲ್ಲಿ ದೊಡ್ಡ ಫ್ರಿಜ್ಜಿದೆ, ಆದರೆ ಅದರ ತುಂಬ ಮಾವಿನಹಣ್ಣು, ಮತ್ತು ಆ ಹಣ್ಣಿಗೆ ಕಾವಲಾಗಿ ನನ್ನ ನಾದಿನಿ. ಕೊನೆಗೆ ಮೂಡಲಗಿಯ ತೋಟವೇ ಗಟ್ಟಿಯಾಯಿತು. ಹೆಂಡತಿಗೆ 'ಕಬ್ಬಿನ ಹೊಸ ತಳಿ ನೋಡಿ ಬರ್ತೇವಿ' ಎಂದು ಹೇಳಿ ಹೊರಟೆವು. ಕನ್ನಡ ಮಾಸ್ತರ ಕಬ್ಬಿನ ತಳಿ ನೋಡಿ ಏನು ಮಾಡುತ್ತಾನೆಂದು ಆಕೆ ಕೇಳಲಿಲ್ಲ. ಕೇಳದಿದ್ದುದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ತೋಟದಲ್ಲಿ ಫ್ರಿಜ್ಜಿಲ್ಲ, ಬಾವಿಯಿದೆ. ಡಬ್ಬಿಗಳನ್ನು ಗೋಣಿಚೀಲಕ್ಕೆ ತುಂಬಿ ಹಗ್ಗ ಕಟ್ಟಿ ಇಳಿಬಿಟ್ಟೆವು. 'ಲಾಗರ್ ಬಿಯರು 4ರಿಂದ 7 ಡಿಗ್ರಿ ಇರಬೇಕು ಮಾಮಾ' ಎಂದು ಅಳಿಯ ಗೊಣಗಿದ. ನಮ್ಮ ಬಾವಿಯ ನೀರು 4 ಡಿಗ್ರಿ ಇದ್ದಿದ್ದರೆ ಮೂಡಲಗಿಯವರು ಕಬ್ಬು ಬಿಟ್ಟು ಸೇಬು ಬೆಳೆಯುತ್ತಿದ್ದರು. ಕಾಯುವಾಗ ಅವನು ಇತಿಹಾಸ ಹೇಳಿದ. ಮನೆಯಲ್ಲಿ ಬಿಯರು ಮಾಡುವುದು ಅಮೆರಿಕದಲ್ಲೇ ಅಪರಾಧವಾಗಿತ್ತಂತೆ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿ ಅದನ್ನು ಬಿಡಿಸಿದರು. ಆಗ ಇಡೀ ದೇಶದಲ್ಲಿ ನೂರಕ್ಕೂ ಕಡಿಮೆ ಬ್ರೂವರಿಗಳಿದ್ದವು, ಈಗ ಒಂಬತ್ತು ಸಾವಿರ ದಾಟಿವೆ. ಕಾರ್ಟರ್ ಮೂಲತಃ ಶೇಂಗಾ ಬೆಳೆಗಾರ ಎಂದು ಕೇಳಿ ಮೂಡಲಗಿಯ ಗೆಳೆಯ ತಲೆದೂಗಿದ: 'ಶೇಂಗಾ ಬೆಳ್ಯಾವಗ ಕುಡಿಯಾವರ ಕಷ್ಟ ಗೊತ್ತಿರತೈತಿ.' ನಾವು ಗೋಕಾಕ ವರದಿಗಾಗಿ ಬೀದಿಗಿಳಿದ 1982ರಲ್ಲೇ ಕೊಲರಾಡೊದ ಬೌಲ್ಡರಿನಲ್ಲಿ ಮೊದಲ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ ನಡೆಯಿತಂತೆ. ಆ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಆದರೂ ಆ ಚಳವಳಿಯ ಕೀರ್ತಿಯಲ್ಲಿ ನಮ್ಮೂರು ಪಾಲು ಪಡೆದಿದೆ. ಅಂಥ ಊರಿನವನು ಬಿಯರಿನ ಕೀರ್ತಿಯಲ್ಲೂ ಪಾಲು ಕೇಳಿದರೆ ತಪ್ಪಿಲ್ಲವೆನಿಸಿತು.

ಚೀಲ ಮೇಲೆ ಬಂದಾಗ ಅಳಿಯ ಹಾ ಎಂದ. ಆ ಸಣ್ಣ ಬ್ರೂವರಿಯವರು ಡಬ್ಬಿಗೆ ಕಾಗದದ ಚೀಟಿ ಅಂಟಿಸಿದ್ದರು. ಬಾವಿ ಅವನ್ನೆಲ್ಲ ಬಿಡಿಸಿಕೊಂಡಿತ್ತು. ಐದೂ ಬೋಳು ಬೆಳ್ಳಿ ಡಬ್ಬಿಗಳು. ಯಾವುದು ಯಾವುದೆಂದು ತಂದವನಿಗೇ ಗೊತ್ತಿಲ್ಲ. ಅಂಗಡಿಯಲ್ಲಿ ಕಲಬೆರಕೆ ಪೆಟ್ಟಿಗೆ ಎತ್ತಿಕೊಂಡು ಬಂದಿದ್ದನಂತೆ. ನಾನು ಸಮಾಧಾನ ಹೇಳಿದೆ: 'ರಿಜಿಸ್ಟರ್ ನಂಬರ್ ಮುಚ್ಚಿ ಪೇಪರ್ ತಿದ್ದೋದ ನಿಜವಾದ ಮೌಲ್ಯಮಾಪನ.'

ಲೋಟಗಳು ಸ್ಟೀಲಿನವು. ಬಣ್ಣ, ತಿಳಿ, ನೊರೆ ಯಾವುದೂ ಕಾಣುವುದಿಲ್ಲ. ನೋಟದ 3 ಅಂಕವನ್ನು ಎಲ್ಲ ಅಭ್ಯರ್ಥಿಗಳಿಗೂ ಕೃಪಾಂಕವಾಗಿ ಕೊಟ್ಟುಬಿಟ್ಟೆ. ಒಂದು ಡಬ್ಬಿ ನಾಲ್ವರಿಗೆ ಹಂಚಿದರೆ ತಲೆಗೆ ತೊಂಬತ್ತು ಮಿಲಿಯೂ ಬರುವುದಿಲ್ಲ. 'ಇದು ತೀರ್ಥ ಏನ್ರಿ?' ಎಂದ ಷಡ್ಡಕ.

ಮೊದಲನೆಯ ಗುಟುಕಿಗೆ ಮೂಡಲಗಿಯ ಗೆಳೆಯನ ಮುಖ ಕಿವುಚಿತು. 'ಬೇವು!' ಎಂದು ಒಳಗೆ ಹೋಗಿ ಬೆಲ್ಲದ ತುಣುಕು ತಂದು ಬಾಯಿಗೆ ಹಾಕಿಕೊಂಡ. ಯುಗಾದಿ ಮುಗಿದಿದ್ದರೂ ಅವನ ಶಿಸ್ತು ಮುಗಿದಿರಲಿಲ್ಲ. ಅಳಿಯ ವಿವರಿಸಿದ: ಇದು ಐಪಿಎ, ಹಿಂದೆ ಇಂಗ್ಲೆಂಡಿನವರು ಇಂಡಿಯಾದಲ್ಲಿದ್ದ ತಮ್ಮವರಿಗೆ ಹಡಗಿನಲ್ಲಿ ಕಳಿಸುತ್ತಿದ್ದ ಬಿಯರು, ದಾರಿಯಲ್ಲಿ ಕೆಡದಿರಲೆಂದು ಹಾಪ್ಸ್ ಹೂವು ಹೆಚ್ಚು ಹಾಕುತ್ತಿದ್ದರು. 'ಮೂಡಲಗಿಗೆ ಬರಾಕ ಭಾಳ ತಡಾ ಆತು ನೋಡ' ಎಂದ ಗೆಳೆಯ. ನಾನು 19 ಹಾಕಿದೆ. ನೂರಕ್ಕೆ ಮೂವತ್ತೆಂಟು, ಪಾಸು.

ಎರಡನೆಯದರಲ್ಲಿ ಬಾಳೆಹಣ್ಣು, ಲವಂಗ. ಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ, ಗೋಧಿ ಬಿಯರಿನ ಯೀಸ್ಟೇ ಆ ವಾಸನೆ ಹುಟ್ಟಿಸುತ್ತದೆ ಎಂದು ಅಳಿಯ ಹೇಳಿದ್ದನ್ನು ಯಾರೂ ನಂಬಲಿಲ್ಲ. 31. ಮೂರನೆಯದು ಸಭ್ಯ ಪೇಲ್ ಏಲ್, ಮಧ್ಯದ ಬೆಂಚಿನ ಹುಡುಗ. 28.

ಎರಡು ಬಿಯರಿನ ನಡುವೆ ಸಪ್ಪೆ ಬ್ರೆಡ್ಡು ತಿಂದು ನೀರು ಕುಡಿದು ನಾಲಿಗೆ ತಿಳಿ ಮಾಡಿಕೊಳ್ಳಬೇಕೆಂಬುದು ನಿಯಮ. ಬ್ರೆಡ್ಡಿನ ಹೊಣೆ ಷಡ್ಡಕನದಾಗಿತ್ತು. ಅವನು ತಂದಿದ್ದು ಕಟಕ ರೊಟ್ಟಿ ಮತ್ತು ರಂಜಕ. ಹಣ್ಣು ಮೆಣಸಿನಕಾಯಿ ರುಬ್ಬಿದ ಆ ರಂಜಕವನ್ನು ಅವನು ಜಾಮಿನ ಹಾಗೆ ಬಳಿದುಕೊಂಡ. ಮರ್ಯಾದೆಗೆ ನಾವೂ ಬಳಿದುಕೊಂಡೆವು. ಅದರ ಮೇಲೆ ನಾಲ್ಕನೆಯ ಡಬ್ಬಿ. ಅದೂ ಐಪಿಎ, ಮೊದಲಿನದಕ್ಕಿಂತ ಗಟ್ಟಿ.

ಖಾರದ ಮೇಲೆ ಗುಳ್ಳೆ ಬರುವ ಕಹಿ ಬಿಯರು ಬಿದ್ದರೆ ಉರಿ ಆರುವುದಿಲ್ಲ, ಏರುತ್ತದೆ. ಅಳಿಯನ ಪಠ್ಯದಲ್ಲಿ ಇದು ಇದೆಯಂತೆ, ಆದರೆ ಹೇಳಲು ಅವನಿಗೆ ಆಗ ಬಾಯಿರಲಿಲ್ಲ. ನಾನು ಜಾತ್ರೆಯ ಕುಣಿತಗಾರರನ್ನು ನಾಚಿಸುವಂತೆ ಬಾವಿಯ ಸುತ್ತ ತಿರುಗಿದೆ. ಕೈಯಲ್ಲಿದ್ದ ಕೆಂಪು ಪೆನ್ನು ಎಲ್ಲಿ ಹೋಯಿತೋ. ನೀರು ಕುಡಿದರೆ ಪ್ರಯೋಜನವಿಲ್ಲ, ಮೆಣಸಿನ ಖಾರವನ್ನು ತೊಳೆಯುವುದು ಹಾಲು ಮಜ್ಜಿಗೆಯೇ. ಗೆಳೆಯನ ತಾಯಿ ಗುಡಿಸಲಿನಿಂದ ಮಜ್ಜಿಗೆಯ ಮಗೆ ಹಿಡಿದು ಓಡಿಬಂದರು. ಲೋಟದ ಮೇಲೆ ಲೋಟ ಕುಡಿದೆವು. ಅಜ್ಜಿ ನಮ್ಮನ್ನು ನೋಡಿ, 'ಶಾಣ್ಯಾರಂತ ಸಾಲಿ ಕಲಿಸಿದ್ರಿ' ಎಂದಷ್ಟೇ ಹೇಳಿ ಹೋದರು.

ಜೀವ ಮರಳಿದ ಮೇಲೆ ಕರ್ತವ್ಯಪ್ರಜ್ಞೆಯೂ ಮರಳಿತು. ಐದನೆಯ ಡಬ್ಬಿ ಅದೇ ಲೋಟಗಳಿಗೆ ಬಿತ್ತು. ನಾನು ಒಂದು ಗುಟುಕು ಗುಟುಕರಿಸಿ ಕಣ್ಣು ಮುಚ್ಚಿದೆ. ಹದವಾದ ಹುಳಿ, ನಾಲಿಗೆಯ ತುದಿಗೆ ಉಪ್ಪು, ಗಂಟಲು ದಾಟುವಾಗ ಕೊತ್ತಂಬರಿ, ಕಟ್ಟಕಡೆಗೆ ಇಂಗಿನ ಛಾಯೆ.

ಅಳಿಯ ಕುಣಿದಾಡಿದ. 'ಗೋಸೆ, ಮಾಮಾ, ಗೋಸೆ! ಜರ್ಮನಿಯ ಗೋಸ್ಲಾರ್ ಊರಿನ ಬಿಯರು, ಆಮೇಲೆ ಲೈಪ್‌ಜಿಗ್ಗಿನಲ್ಲಿ ಹೆಸರು ಮಾಡಿತು. ಗೋಧಿ, ಉಪ್ಪು, ಕೊತ್ತಂಬರಿ ಬೀಜ, ಲ್ಯಾಕ್ಟೋಬ್ಯಾಸಿಲಸ್ ಹುಳಿ. 1966ರಲ್ಲಿ ನಿಂತೇ ಹೋಗಿತ್ತು. ಮತ್ತೆ ಹುಟ್ಟಿದ ಮ್ಯಾಲೆ ಅಮೆರಿಕದವರು ಅದನ್ನ ಬೇಸಗಿ ಬಿಯರ್ ಮಾಡಿಕೊಂಡರು!' ಇಂಗಿನ ವಾಸನೆ ಅವನಿಗೂ ಬಂದಿತ್ತು. ಅದು ಹೊಸ ಪ್ರಯೋಗವೆಂದೂ ಅಲ್ಲಿನವರ ಕಲ್ಪನಾಶಕ್ತಿಗೆ ಮಿತಿಯಿಲ್ಲವೆಂದೂ ಬರೆದುಕೊಂಡ.

ಇನ್ನೊಂದು ಪೆನ್ನು ಇಸಿದುಕೊಂಡು ನಾನು ಷರಾ ಬರೆದೆ: 'ಗ್ರೀಷ್ಮಕ್ಕೆ ಹೇಳಿ ಮಾಡಿಸಿದ ಪೇಯ. ಪಾಶ್ಚಾತ್ಯರು ಇಷ್ಟು ಸೂಕ್ಷ್ಮವಾಗಿ ದಾಹವನ್ನು ಅರಿತಿರುವರೆಂದು ಈ ಪರೀಕ್ಷಕನು ಎಣಿಸಿರಲಿಲ್ಲ.' 45 ಹಾಕುವ ಮನಸ್ಸಾಯಿತು. ಕೈಬಿಚ್ಚಿ ಕೊಟ್ಟರೆ ಹುಡುಗರು ಕೆಡುತ್ತಾರೆಂಬ ಹಳೆಯ ಚಾಳಿಯಿಂದ 44ಕ್ಕೆ ನಿಲ್ಲಿಸಿದೆ. ಕೆಳಗೆ 'ಮುಖ್ಯ ಪರೀಕ್ಷಕರು' ಎಂದು ಸಹಿ ಮಾಡಿ ಗಟ್ಟಿಯಾಗಿ ಓದಿದೆ. ಪೀಠ ಚಪ್ಪಾಳೆ ತಟ್ಟಿತು.

ಲೋಟ ಎತ್ತಿಕೊಳ್ಳಲು ಬಂದ ಅಜ್ಜಿ ಒಳಗೆ ಇಣುಕಿದರು. 'ಮಜ್ಜಿಗಿ ಕುಡದ ಲೋಟಾ ತೊಳೀದನ ಅದರಾಗ ಹೊಯ್ಕೊಂಡ್ರಿ ಏನ? ತಳದಾಗ ಕೊತ್ತಂಬ್ರಿ ಹಂಗ ಐತಿ.'

ಅದೇ ಹೊತ್ತಿಗೆ ಬಾವಿಯಲ್ಲಿ ಈಜುತ್ತಿದ್ದ ಆಳಿನ ಹುಡುಗ ತೇಲುತ್ತಿದ್ದ ಚೀಟಿಗಳನ್ನು ಹಿಡಿದು ಮೇಲೆ ಬಂದ. ಎರಡು ಐಪಿಎ, ಒಂದು ಗೋಧಿ, ಒಂದು ಪೇಲ್ ಏಲ್, ಒಂದು ಸಾದಾ ಲಾಗರ್. ಗೋಸೆ ಎಂಬುದು ಚೀಟಿಯಲ್ಲಿಯೂ ಇಲ್ಲ, ಬಾವಿಯಲ್ಲಿಯೂ ಇಲ್ಲ.

ಮೂಡಲಗಿಯ ಗೆಳೆಯ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತೇನೆಂದ. ಉತ್ತರಪತ್ರಿಕೆಯೇ ಹೊಟ್ಟೆಯಲ್ಲಿರುವುದರಿಂದ ಅರ್ಜಿ ತಿರಸ್ಕೃತವಾಯಿತು. 'ಮುಂದಿನ ಸಲ ಐದೂ ಲಾಗರ್ ತಗೊಂಡ ಬಾ, ಉಳಿದದ್ದ ನಮ್ಮವ್ವ ಹಾಕತಾಳ' ಎಂದು ಅಳಿಯನಿಗೆ ಸೂಚನೆ ಕೊಟ್ಟ. ಅಳಿಯ ಮಾತ್ರ ಪೆನ್ನು ಹಿಡಿದು ಅಜ್ಜಿಯ ಹಿಂದೆ ಹಿಂದೆ ತಿರುಗುತ್ತಿದ್ದ: ಇಂಗು ಎಷ್ಟು ಗ್ರಾಂ, ಉಪ್ಪು ಎಷ್ಟು ಗ್ರಾಂ?

ಸಂಜೆ ಏಲಕ್ಕಿ ಜಗಿಯುತ್ತ, ಉಸಿರು ಬಿಗಿಹಿಡಿದು ಮನೆ ಹೊಕ್ಕೆ. ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಮೂಗು ಮುಂದೆ ಚಾಚಿದಳು. ಬಿ.ಜೆ.ಸಿ.ಪಿ. ಪರೀಕ್ಷೆ ಬರೆಯದೆಯೇ ಆಕೆ ಆ ದರ್ಜೆಯ ಪರೀಕ್ಷಕಳು. ಎರಡು ಸಲ ಮೂಸಿ, ತಲೆಯಾಡಿಸಿ, ತೀರ್ಪು ಕೊಟ್ಟಳು: 'ಬರೇ ಮಜ್ಜಿಗಿ ವಾಸನಿ. ಇದನ್ನ ಕುಡಿಯಾಕ ಮೂಡಲಗಿ ತನಕ ಹೋಗಬೇಕಿತ್ತೇನು?'